ಹದಿನೇಳನೇ ತುಂಡಿನ ಗರಿಕೆ

ಸೆಪ್ಟೆಂಬರ್ 14, ಶನಿವಾರ

ನಿನ್ನೆ ಬಲಗೈಯ ಪ್ಲಾಸ್ಟರ್ ಬಿಚ್ಚಿದರು. ಕೈ ಕೋಳಿಯ ಕಾಲಿನಂತಾಗಿದೆ. ಬೆರಳು ಸಡಿಲಾಗಲು ದಿನಾ ನಾಲ್ಕು ಸಾಲು ಬರೆಯಬೇಕಂತೆ. ಏನು ಬರೆಯಲಿ ಎಂದು ಕೇಳಿದರೆ ಆಸ್ಪತ್ರೆಯ ಹುಡುಗಿ, "ಮನಸ್ಸಿಗೆ ಬಂದಿದ್ದು ಬರೀರಿ, ಲೊರೇನ್," ಎಂದಳು. ಮನಸ್ಸಿಗೆ ಬಂದದ್ದನ್ನೆಲ್ಲ ಬರೆದರೆ ಅವಳು ಕಿವಿ ಮುಚ್ಚಿಕೊಳ್ಳಬೇಕಾದೀತು. ನಾಲ್ಕು ಸಾಲಾಯಿತು. ನೋಯುತ್ತಿದೆ.

ಸೆಪ್ಟೆಂಬರ್ 17, ಮಂಗಳವಾರ

ಏಳು ವಾರದ ಮೇಲೆ ತೋಟಕ್ಕೆ ಹೋದೆ. ಹೋಗಬಾರದಿತ್ತು.

ಕಮಿಟಿ ಊರವರಿಗೆ ಬಾಡಿಗೆಗೆ ಹಂಚಿದ, ಗುಡ್ಡದ ಮೇಲಿನ ಮೂವತ್ತು ತುಂಡುಗಳಲ್ಲಿ ಇಪ್ಪತ್ತೊಂಬತ್ತು ತೋಟಗಳು. ಹದಿನೇಳನೆಯದು, ಅಂದರೆ ನನ್ನದು, ಕಾಡು. ಬೀನ್ಸ್ ಕೋಲಿನಲ್ಲೇ ಒಣಗಿದೆ. ಎಲೆಕೋಸನ್ನು ಪಾರಿವಾಳಗಳು ತಿಂದು ದಂಟು ಬಿಟ್ಟಿವೆ. ಉಳಿದ ಜಾಗವೆಲ್ಲ ಗರಿಕೆ, ಮೊಣಕಾಲಿನವರೆಗೆ. ಪಕ್ಕದ ಹದಿನಾರರಲ್ಲಿ ಹೆಡ್ಲಿ ಎಂಬ ಎಂಬತ್ತನಾಲ್ಕರ ಮುದುಕ ಈರುಳ್ಳಿಗೆ ಜಡೆ ಹೆಣೆದು ಶೆಡ್ಡಿನ ಗೋಡೆಗೆ ತೂಗುಹಾಕುತ್ತಿದ್ದ, ನನ್ನ ಹೊಟ್ಟೆ ಉರಿಸಲೆಂದೇ.

ಹದಿನೆಂಟರ ಗ್ಲೆನಿಸ್, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು, ಸಲಿಕೆ ಹಿಡಿದುಕೊಂಡು ನನ್ನ ತುಂಡಿನ ಅಂಚಿಗೆ, ಕಾಲುದಾರಿಯಲ್ಲಿ ಬಂದು ನಿಂತಳು.

"ಕೈ ಹೇಗಿದೆ?"

"ಇದೆ," ಎಂದೆ.

ಅವಳು ಹೋಗಲಿಲ್ಲ. ನಿಂತೇ ಇದ್ದಳು. ನೋಡುವುದಕ್ಕೆ ಅಲ್ಲಿ ಏನಿತ್ತೋ.

ಸೆಪ್ಟೆಂಬರ್ 24, ಮಂಗಳವಾರ

ತೋಟದ ಕಮಿಟಿಯಿಂದ ಕಾಗದ. ಕಾರ್ಯದರ್ಶಿ ಮಿಸೆಸ್ ಪೊಮ್‌ಫ್ರೆಟ್‌ರ ಸಹಿ. ಹದಿನೇಳನೇ ತುಂಡು ಪಾಳುಬಿದ್ದಿದೆ. ನವೆಂಬರ್ ಹದಿನಾರರ ತಪಾಸಣೆಯೊಳಗೆ ಮುಕ್ಕಾಲು ಭಾಗ ಕಳೆ ತೆಗೆದು ಸಾಗುವಳಿಯಾಗಿರಬೇಕು. ಇಲ್ಲದಿದ್ದರೆ ಕಾಯುವವರ ಪಟ್ಟಿಯಲ್ಲಿ ಮೊದಲಿರುವವರಿಗೆ ಹೋಗುತ್ತದೆ.

ನಾನು ಆ ಪಟ್ಟಿಯಲ್ಲಿ ಆರು ವರ್ಷ ಕಾದಿದ್ದೆ. ಗಂಡ ಕೀತ್‌ನಿಂದ ಬೇರೆಯಾಗಿ, ಮನೆ ಮಾರಿ, ಈ ಎರಡನೇ ಮಹಡಿಯ ಗೂಡಿಗೆ ಬಂದ ವರ್ಷ ಸಿಕ್ಕಿತು. ಇಲ್ಲಿ ಕಿಟಕಿಯ ಮೇಲೆ ಒಂದು ಕುಂಡ ಇಡಲೂ ಬಿಡುವುದಿಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದೆ. ಪ್ರತಿ ನಿಲ್ದಾಣದಲ್ಲೂ ಜನ ನನಗಾಗಿ ಕಾಯುತ್ತಿದ್ದರು. ಈಗ ನನಗಾಗಿ ಕಾಯುವುದು ಆ ಮಣ್ಣೊಂದೇ. ಅದು ಹೋದರೆ ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳಲು ನನಗೆ ಕಾರಣವೇ ಇಲ್ಲ. ಭಯವಾಗುತ್ತಿದೆ.

ಸೆಪ್ಟೆಂಬರ್ 28, ಶನಿವಾರ

ನಾಲ್ಕು ಹಲ್ಲಿನ ಸಲಿಕೆಯನ್ನು ಎಡಗೈಯಲ್ಲಿ ಹಿಡಿದು, ಕಾಲಿನಲ್ಲಿ ಒತ್ತಿ, ಎರಡು ಗಂಟೆ ಅಗೆದೆ. ಊಟದ ಮೇಜಿನಷ್ಟು ನೆಲವಾಯಿತು. ಗ್ಲೆನಿಸ್ ಮತ್ತೆ ದಾರಿಯಲ್ಲಿ ನಿಂತಿದ್ದಳು, ಕೆರೆಯ ದಡದ ಕೊಕ್ಕರೆಯ ಹಾಗೆ. ಆ ಕಡೆಯ ಅಂಚಿನಲ್ಲಿ ಹೆಡ್ಲಿ, ಗುದ್ದಲಿಯ ಮೇಲೆ ಗಲ್ಲ ಊರಿಕೊಂಡು. ಬಿಟ್ಟಿ ನಾಟಕ.

ಈ ತೋಟದಲ್ಲಿ ನನಗೆ ಹಿಡಿಸಿದ ಪದ್ಧತಿ ಒಂದಿದೆ. ಕರೆಯದೆ ಯಾರೂ ಇನ್ನೊಬ್ಬರ ತುಂಡಿಗೆ ಕಾಲಿಡುವುದಿಲ್ಲ. ಹೆಡ್ಲಿ ಒಮ್ಮೆ ತನ್ನದೇ ಗೊಬ್ಬರದ ಗುಂಡಿಗೆ ತಲೆಕೆಳಗಾಗಿ ಬಿದ್ದಾಗಲೂ ನಾಲ್ಕು ಜನ ದಾರಿಯಲ್ಲಿ ನಿಂತು "ಬರಬಹುದಾ?" ಎಂದು ಕೇಳಿದ್ದರಂತೆ. ಮುದುಕ ಒಳಗಿನಿಂದಲೇ ಸ್ವಲ್ಪ ಯೋಚಿಸಿ "ಬನ್ನಿ" ಎಂದನಂತೆ. ಈ ಪದ್ಧತಿ ಇಲ್ಲದಿದ್ದರೆ ಗ್ಲೆನಿಸ್ ಎಂದೋ ಒಳಗೆ ನುಗ್ಗಿ ನನಗೆ ಬುದ್ಧಿ ಹೇಳುತ್ತಿದ್ದಳು.

ಅಕ್ಟೋಬರ್ 3, ಗುರುವಾರ

ಮಳೆ. ಲೆಕ್ಕ ಹಾಕಿದೆ. ಈ ವೇಗದಲ್ಲಿ ಮುಂದಿನ ಈಸ್ಟರ್‌ಗೆ ಮುಗಿಯುತ್ತದೆ.

ಅಕ್ಟೋಬರ್ 8, ಮಂಗಳವಾರ

ಲೊರೇನ್‌ಗೆ ತಲೆ ಇಲ್ಲ ಎಂದವರು ಯಾರು? ಊರಿನ ಅಂಗಡಿಯಿಂದ ನೆಲ ಉಳುವ ಯಂತ್ರ, ಟಿಲ್ಲರ್, ಬಾಡಿಗೆಗೆ ತಂದೆ. ಅಂಗಡಿಯವನೇ ಗೇಟಿನ ತನಕ ತಂದು ಇಳಿಸಿಕೊಟ್ಟ. ಸೊಂಟದಿಂದ ದೂಡಿಕೊಂಡು ಬೆಳಗಿನಿಂದ ಮೂರು ಗಂಟೆಯವರೆಗೆ ಹೊಡೆದೆ. ಮೇಲಿನ ಅರ್ಧ, ಕೆಳಗಿನ ಅರ್ಧ, ಒಂದು ಅಂಗುಲ ಬಿಡದೆ. ಗರಿಕೆ ಮಾಯ. ಎಲ್ಲ ಕಡೆ ಪುಡಿಪುಡಿಯಾದ ಕಂದು ಮಣ್ಣು. ಬಸ್ಸಿನ ಸ್ಟಿಯರಿಂಗ್ ಮತ್ತೆ ಕೈಗೆ ಸಿಕ್ಕಷ್ಟು ಖುಷಿಯಾಯಿತು.

ಸಂಜೆ ಹೆಡ್ಲಿ ಕಣ್ಣಿನ ಡಾಕ್ಟರ ಬಳಿಯಿಂದ ಬಂದ. ನನ್ನ ಅಂಚಿಗೆ ಬಂದು ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತ.

"ಪೂರ್ತಿ ಹೊಡೆದ್ಯಾ ತಾಯಿ?"

"ಪೂರ್ತಿ," ಎಂದೆ.

"ಹೂಂ," ಎಂದ. ಅಷ್ಟೇ. ಟೋಪಿ ಹಾಕಿಕೊಂಡು ಶೆಡ್ಡಿಗೆ ಹೋದ. ಹೊಟ್ಟೆಕಿಚ್ಚು ಎಂಬತ್ತನಾಲ್ಕಾದರೂ ಹೋಗುವುದಿಲ್ಲ ನೋಡು.

ಅಕ್ಟೋಬರ್ 10, ಗುರುವಾರ

ಯಂತ್ರದ ಅದುರಾಟಕ್ಕೆ ಮಣಿಕಟ್ಟು ಊದಿಕೊಂಡಿದೆ. ಬರೆಯಲಾಗದು.

ಅಕ್ಟೋಬರ್ 21, ಸೋಮವಾರ

ಹನ್ನೆರಡು ದಿನ ತೋಟದ ಕಡೆ ಹೋಗಿರಲಿಲ್ಲ. ಇಂದು ಬೆಳ್ಳುಳ್ಳಿ ನೆಡಲು ಜಾಗ ನೋಡೋಣವೆಂದು ಹೋದೆ. ಮಂಜು ಕವಿದಿತ್ತು. ಗೇಟಿನಿಂದ ನೋಡಿದಾಗ ಕಂದು ಮಣ್ಣಿನ ಮೇಲೆ ಏನೋ ಹಸಿರು ನೆರಳು ಕಂಡಿತು. ಹತ್ತಿರ ಹೋದರೆ ಸೂಜಿಗಳು. ತುಂಡಿನ ಈ ತುದಿಯಿಂದ ಆ ತುದಿಯವರೆಗೆ, ಗೇಣಿಗೆ ಹತ್ತರಂತೆ, ಹಸಿರು ಸೂಜಿಗಳು.

ಹೆಡ್ಲಿ ತನ್ನ ಅಂಚಿನಲ್ಲಿ ನಿಂತು ಹೇಳಿದ. ಗರಿಕೆಯ ಬೇರು ನೆಲದೊಳಗೆ ಹರಿದಾಡುತ್ತದೆ. ಅದನ್ನು ಒಂದು ಕಡೆ ಕತ್ತರಿಸಿದರೆ ಒಂದು ಗಿಡ ಎರಡಾಗುತ್ತದೆ. ಟಿಲ್ಲರ್ ಅದನ್ನು ಬೆರಳುದ್ದ ಬೆರಳುದ್ದ ಕೊಚ್ಚಿ, ತುಂಡಿನ ತುಂಬ ಬಿತ್ತಿ, ಮೇಲೆ ಮಣ್ಣನ್ನೂ ಮುಚ್ಚಿದೆ.

"ಬಿತ್ತನೆ ಚೆನ್ನಾಗಿ ಮಾಡಿದ್ದೀಯ ಕಣಮ್ಮ. ನನ್ನ ಲೀಕ್ ಈರುಳ್ಳಿ ಕೂಡ ಇಷ್ಟು ಒಂದೇ ಸಮ ಹುಟ್ಟಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

"ನಾನು ಬರೋ ಹೊತ್ತಿಗೆ ಹೆಣ ಎತ್ತಿ ಆಗಿತ್ತಲ್ಲಮ್ಮ. ಇನ್ನೇನ್ ಹೇಳ್ಲಿ? ಟೋಪಿ ತೆಗೆದೆ."

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೆ ಅಷ್ಟೂ ಇಲ್ಲ.

ಅಕ್ಟೋಬರ್ 22, ಮಂಗಳವಾರ

ಹೋಗಲಿಲ್ಲ.

ಅಕ್ಟೋಬರ್ 24, ಗುರುವಾರ

ಹೋಗಲಿಲ್ಲ. ಸೂಪಿನ ಡಬ್ಬಿ ತೆರೆಯಲು ಕೈಲಾಗದೆ ಬ್ರೆಡ್ ತಿಂದು ಮಲಗಿದೆ. ಮಾಡಿದ್ದುಣ್ಣೋ ಮಾರಾಯ.

ಅಕ್ಟೋಬರ್ 26, ಶನಿವಾರ

ಸಲಿಕೆ, ಬಕೆಟ್ಟು, ನೀರಿನ ಕ್ಯಾನು, ಎಲ್ಲವನ್ನೂ ಮನೆಗೆ ತರೋಣ, ತಪಾಸಣೆಯವರು ಓಡಿಸುವ ಮೊದಲು ನಾನೇ ಬಿಟ್ಟುಬಿಡೋಣ ಎಂದು ಹೋದೆ. ಶೆಡ್ಡಿನಿಂದ ಸಾಮಾನು ತೆಗೆದು ಕೈಗಾಡಿಗೆ ಹಾಕುತ್ತಿದ್ದೆ. ಗ್ಲೆನಿಸ್ ಯಥಾಪ್ರಕಾರ ದಾರಿಯಲ್ಲಿ. ಸಲಿಕೆ ಸಮೇತ. ನನಗೆ ರೇಗಿಹೋಯಿತು.

"ಏನ್ರೀ, ಐದು ವಾರದಿಂದ ಅಲ್ಲೇ ನಿಂತು ನೋಡ್ತಿದೀರಲ್ಲ, ನಾಟಕಾನಾ ಇದು? ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಹೋಗಿ."

ಮಾತು ಮುಗಿಯುವ ಮೊದಲೇ ಅವಳು ಒಳಗಿದ್ದಳು. ಸಲಿಕೆ ಮಣ್ಣಿಗೆ ಹಾಕಿ, ಕಾಲಿಟ್ಟು ಒತ್ತಿದಳು.

"ಈ ಒಂದು ಮಾತಿಗೆ ಐದು ವಾರ ಕಾದಿದೀನಿ ಕಣ್ರೀ. ಚಳೀಲಿ ನಿಂತು ನಿಂತು ನನ್ನ ಮಂಡಿ ಹಿಡ್ಕೊಂಡಿದೆ. ಕರೆಯೋಕೆ ನಿಮಗೇನು ಬಾಯಿಗೂ ಪ್ಲಾಸ್ಟರ್ ಹಾಕಿದ್ರಾ?"

ಅಷ್ಟರಲ್ಲಿ ಆ ಕಡೆಯಿಂದ ಹೆಡ್ಲಿಯ ದನಿ ಬಂತು.

"ಕರೆದಿದ್ದು ಅವಳೊಬ್ಬಳನ್ನೇನಾ? ಗಂಡಸರಿಗೆ ಪ್ರವೇಶ ಇದೆಯಾ?"

"ನೀವೂ ಬನ್ನಿ," ಎಂದೆ.

ಹೆಡ್ಲಿ ಜರಡಿ ತಂದರು. ಅವರು ಹೇಳಿಕೊಟ್ಟ ರೀತಿ ಹೀಗೆ: ಸಲಿಕೆಯಿಂದ ಮಣ್ಣೆತ್ತಬೇಕು, ಕತ್ತರಿಸಬಾರದು. ಜರಡಿಗೆ ಹಾಕಿ ಅಲ್ಲಾಡಿಸಬೇಕು. ಉಳಿಯುವ ಬಿಳಿ ಬೇರು, ಶ್ಯಾವಿಗೆಯಂಥದ್ದು, ಒಂದೊಂದನ್ನೂ ಹೆಕ್ಕಿ ಬಕೆಟ್ಟಿಗೆ ಹಾಕಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೂ ಚಿಗುರುತ್ತದೆ. ಪೀಪಾಯಿಯ ನೀರಿನಲ್ಲಿ ಮುಳುಗಿಸಿ ಕೊಳೆಸಬೇಕು. ಹೆಕ್ಕುವುದಕ್ಕೆ ಎಡಗೈ ಸಾಕು. ಮೂವರೂ ಕತ್ತಲಾಗುವವರೆಗೆ ಕೂತೆವು. ಎರಡು ಬಕೆಟ್ಟು. ಕೈಗಾಡಿಯಲ್ಲಿದ್ದ ಸಾಮಾನನ್ನು ಮತ್ತೆ ಶೆಡ್ಡಿಗಿಟ್ಟು ಬಂದೆ.

ಅಕ್ಟೋಬರ್ 30, ಬುಧವಾರ

ನಾಲ್ಕು ಬಕೆಟ್ಟು. ಹೆಡ್ಲಿಗೆ ಚಹಾಕ್ಕೆ ಮೂರು ಚಮಚ ಸಕ್ಕರೆ, ಗ್ಲೆನಿಸ್‌ಗೆ ಸಕ್ಕರೆ ಬೇಡ, ಹಾಲು ಜಾಸ್ತಿ. ದೊಡ್ಡ ಫ್ಲಾಸ್ಕು ತೆಗೆದುಕೊಂಡು ಹೋಗಬೇಕು. ಗ್ಲೆನಿಸ್ ಶುಂಠಿ ಕೇಕು ತಂದಿದ್ದಳು, ಕಾಕಂಬಿ ಹಾಕಿ ಮಾಡಿದ್ದು. ಮೂವತ್ತು ವರ್ಷ ಮಕ್ಕಳಿಗೆ ಬಡಿಸಿದ ಕೈ. ನಾನು ಸಾಕು ಎಂದರೆ ಆ ಕೈಗೆ ಕೇಳಿಸುವುದಿಲ್ಲ.

ನವೆಂಬರ್ 2, ಶನಿವಾರ

ದಾರಿಯ ಮೇಪಲ್ ಮರಗಳು ಒಂದೇ ಗಾಳಿಗೆ ಎಲೆಯೆಲ್ಲ ಬಿಟ್ಟಿವೆ. ಬೆಳಿಗ್ಗೆ ಎಲೆ ಗುಡಿಸಿ ಮೂವರ ತಂತಿಬಲೆಯ ತೊಟ್ಟಿಗಳಿಗೂ ತುಂಬಿದೆ. ಮುಂದಿನ ವರ್ಷಕ್ಕೆ ಎಲೆಗೊಬ್ಬರವಾಗುತ್ತದೆ. ಗ್ಲೆನಿಸ್‌ಗೆ ಭುಜದ ಮೇಲೆ ಕೈ ಎತ್ತಲಾಗುವುದಿಲ್ಲವೆಂದು ಇವತ್ತೇ ಗೊತ್ತಾಯಿತು. ಅವಳ ಬೀನ್ಸ್ ಕೋಲುಗಳು ಇನ್ನೂ ನಿಂತಿದ್ದವು. ಎರಡು ವರ್ಷದಿಂದ ಪಕ್ಕದಲ್ಲಿದ್ದೇನೆ, ಗಮನಿಸಿರಲಿಲ್ಲ. ಕೇಳಿ ಒಳಗೆ ಹೋಗಿ ಎಲ್ಲ ಇಳಿಸಿ, ಕಟ್ಟಿ, ಶೆಡ್ಡಿಗೆ ಹಾಕಿದೆ. ಬೀಜ ಬಿಡಿಸಿ ಲಕೋಟೆಗೆ ತುಂಬಿದೆ.

ಹೆಡ್ಲಿಯ ಕಣ್ಣು ಸಣ್ಣಕ್ಷರ ಓದಲಾರದು. ಬೀಜದ ಪಟ್ಟಿಯನ್ನು ನಾನು ಓದಿ ಹೇಳಿದೆ. ಪ್ರತಿ ಹೆಸರಿಗೂ ಅವರದೊಂದು ಟೀಕೆ.

"ಆ ಜಾತಿ ಟೊಮೇಟೊ ಬೇಡ. ಅದು ಗಂಡನ ಹಾಗೆ, ಮಾತು ಜಾಸ್ತಿ, ಕೆಲಸ ಕಮ್ಮಿ."

"ನೀವೂ ಗಂಡಸರೇ ಅಲ್ವಾ?"

"ನಾನು ಲೀಕ್ ಜಾತಿ ಕಣಮ್ಮ. ಚಳಿ ಬಿದ್ದ ಮೇಲೇ ರುಚಿ."

ಈ ಎಲ್ಲದರ ನಡುವೆ ಮೂರೇ ಬಕೆಟ್ಟು.

ನವೆಂಬರ್ 9, ಶನಿವಾರ

ಮೇಲಿನ ಅರ್ಧ ಮುಗಿಯಿತು. ಮುಷ್ಟಿಯಲ್ಲಿ ಹಿಡಿದರೆ ಮಣ್ಣು ಬೆರಳ ಸಂದಿಯಿಂದ ಜಾರುತ್ತದೆ. ಒಂದು ಬಿಳಿ ಎಳೆ ಇಲ್ಲ. ಗ್ಲೆನಿಸ್ ಮಂಡಿಗೆ ಗೋಣಿ ಕಟ್ಟಿಕೊಂಡು ಕಡೆಯ ಮೂಲೆಯನ್ನು ಬೆರಳಲ್ಲೇ ಬಾಚಿದಳು. ಎದ್ದೇಳಲಾರದೆ ನನ್ನ ಹೆಗಲು ಹಿಡಿದಳು. "ಕಣ್ರೀ" ಹೋಗಿ "ಕಣೇ" ಯಾವಾಗ ಆಯಿತೋ ಗೊತ್ತಿಲ್ಲ.

ಕೆಳಗಿನ ಅರ್ಧ ಪೂರ್ತಿ ಹಸಿರು. ಏಳು ದಿನವಿದೆ. ವಾರವಿಡೀ ಮಳೆಯಂತೆ. ಅರ್ಧವೆಂದರೆ ಮುಕ್ಕಾಲಲ್ಲ.

ನವೆಂಬರ್ 13, ಬುಧವಾರ

ಮಳೆ. ಕೆಸರು. ಜರಡಿಯಲ್ಲಿ ಮಣ್ಣು ಇಳಿಯುವುದೇ ಇಲ್ಲ.

ಬಸ್ಸಿನಲ್ಲಿ ಬರುವಾಗ ಒಂದು ಯೋಚನೆ ಬಂತು. ಶುಕ್ರವಾರ ಮಳೆ ಬಿಡುತ್ತದಂತೆ. ಅವತ್ತು ಟಿಲ್ಲರನ್ನು ಕೆಳಗಿನ ಅರ್ಧದಲ್ಲಿ ಎರಡು ಸುತ್ತು ಹೊಡೆದರೆ ಶನಿವಾರ ಬೆಳಿಗ್ಗೆ ಎಲ್ಲ ಕಂದು. ಮಿಸೆಸ್ ಪೊಮ್‌ಫ್ರೆಟ್ ಬೇರು ನೋಡಲು ಬರುವುದಿಲ್ಲ, ಬಣ್ಣ ನೋಡಲು ಬರುತ್ತಾರೆ. ತುಂಡು ಉಳಿಯುತ್ತದೆ. ಗರಿಕೆಯನ್ನು ಆಮೇಲೆ ನೋಡಿಕೊಂಡರಾಯಿತು. ಅಂಗಡಿಗೆ ಫೋನ್ ಮಾಡಿದೆ. ಯಂತ್ರ ಇದೆಯಂತೆ. ಹೆಸರು ಬರೆಸಿದೆ.

ನವೆಂಬರ್ 14, ಗುರುವಾರ

ಯಂತ್ರ ಬೇಡವೆಂದು ಫೋನ್ ಮಾಡಿದೆ. ಮಣಿಕಟ್ಟು ತಡೆಯುವುದಿಲ್ಲ. ಅದೂ ಅಲ್ಲದೆ ಕೊಚ್ಚಿದ ಬೇರು ಮೇಲಿನ ಅರ್ಧಕ್ಕೂ ಹಾರುತ್ತದೆ. ಗ್ಲೆನಿಸ್ ಆ ಮೂಲೆಯನ್ನು ಬೆರಳಲ್ಲಿ ಬಾಚಿದ್ದಾಳೆ.

ಹೋದರೆ ಹೋಗಲಿ ಎಂದು ಬರೆಯಲು ನೋಡಿದೆ. ಸುಳ್ಳು. ಹೋಗಬಾರದು.

ನವೆಂಬರ್ 16, ಶನಿವಾರ

ಮಿಸೆಸ್ ಪೊಮ್‌ಫ್ರೆಟ್ ಹತ್ತು ಗಂಟೆಗೆ ಮಳೆಕೋಟು ಹಾಕಿಕೊಂಡು, ಟೇಪು ಹಿಡಿದು ಬಂದರು. ಗ್ಲೆನಿಸ್ ಮತ್ತು ಹೆಡ್ಲಿ ನನ್ನ ಎಡಬಲಕ್ಕೆ ನಿಂತಿದ್ದರು, ಕೋರ್ಟಿನಲ್ಲಿ ಸಾಕ್ಷಿಗಳು ನಿಂತಂತೆ. ಅಳೆದಾಯಿತು. ಬರೆದುಕೊಂಡಾಯಿತು.

"ಮೇಲಿನರ್ಧ ನೋಡಿ ಸಂತೋಷ ಆಯ್ತು, ಲೊರೇನ್. ಆದ್ರೆ ನಿಯಮ ಮುಕ್ಕಾಲು ಅಂತಿದೆ."

ಹೆಡ್ಲಿ ಮುಂದೆ ಬಂದರು. "ಆ ಅರ್ಧದಲ್ಲಿ ಒಂದು ಗರಿಕೆ ಬೇರು ಹುಡುಕಿ ಕೊಡು ನೋಡೋಣ. ನನ್ನ ಈರುಳ್ಳಿ ಜಡೆ ಅಷ್ಟೂ ನಿನಗೇ."

"ಹೆಡ್ಲಿ, ನಾನು ಬೇರು ಹುಡುಕೋಕೆ ಬಂದಿಲ್ಲ, ಅಳೆಯೋಕೆ ಬಂದಿದೀನಿ."

"ಅಳೆಯೋದಾದ್ರೆ ಇವಳ ಕೈ ಮುರಿದಿದ್ದನ್ನೂ ಅಳೆ," ಎಂದಳು ಗ್ಲೆನಿಸ್.

ಮಿಸೆಸ್ ಪೊಮ್‌ಫ್ರೆಟ್ ಕನ್ನಡಕ ಒರೆಸಿಕೊಂಡರು. ಕೆಟ್ಟ ಹೆಂಗಸಲ್ಲ. ತುಂಡನ್ನು ಎರಡು ಮಾಡಬಹುದು ಎಂದರು. ಅರ್ಧ ನನ್ನ ಹೆಸರಿಗೇ ಇರುತ್ತದೆ. ಇನ್ನರ್ಧ ಪಟ್ಟಿಯಲ್ಲಿ ಮೊದಲಿರುವವರಿಗೆ. ಎಫುವಾ ಎಂದು ಹೆಸರು, ವೃದ್ಧಾಶ್ರಮದಲ್ಲಿ ಅಡುಗೆ ಮಾಡುತ್ತಾರೆ, ಏಳು ವರ್ಷದಿಂದ ಕಾಯುತ್ತಿದ್ದಾರೆ.

ನನ್ನ ಕಾಲಿನ ಕೆಳಗೆ ನೆಲ ಮತ್ತೆ ಬಂದಂತಾಯಿತು. ಉಳಿಯಿತು. ಅರ್ಧವಾದರೂ ಉಳಿಯಿತು. ಗ್ಲೆನಿಸ್ ನನ್ನ ತೋಳು ಹಿಂಡಿದಳು, ಅದೃಷ್ಟಕ್ಕೆ ಎಡಗೈದು.

"ಮೇಲಿನರ್ಧ ನಿಮ್ಮದು ಅಂತ ಬರ್ಕೊಳ್ಳಲಾ?" ಮಿಸೆಸ್ ಪೊಮ್‌ಫ್ರೆಟ್‌ರ ಪೆನ್ನು ಆಗಲೇ ಕಾಗದದ ಮೇಲಿತ್ತು.

"ತಡೀರಿ," ಎಂದೆ.

ಏಳು ವರ್ಷ. ನಾನು ಆರಕ್ಕೇ ಸೋತುಹೋಗಿದ್ದೆ. ಆ ಹೆಂಗಸು ಬೀಗದ ಕೈ ಹಿಡಿದು ಗೇಟಿನಿಂದ ಓಡಿ ಬರುತ್ತಾಳೆ. ಬಂದು ನೋಡಿದರೆ ನಾನು ಬಿತ್ತಿದ ಗರಿಕೆ. ಒಂದು ವಸಂತದಲ್ಲಿ ಬಿಟ್ಟು ಓಡುತ್ತಾಳೆ.

"ಕೆಳಗಿನದು ನನಗಿರಲಿ. ಮೇಲಿನದು ಅವರಿಗೆ ಕೊಡಿ."

ಗ್ಲೆನಿಸ್ ನನ್ನ ತೋಳು ಬಿಟ್ಟಳು.

"ನಿಂಗೆ ತಲೆ ನೆಟ್ಟಗಿದೆಯೇನೇ? ಮೂರು ವಾರ ಮಂಡಿ ಊರಿದ್ದು ಯಾರಿಗೋಸ್ಕರ? ಯಾರೋ ಎಫುವಾಗಾ?"

ಅವಳು ಹೇಳಿದ್ದು ಸರಿ. ಶ್ರಮ ಅವಳದೂ ಹೌದು. ಕೇಳದೆ ದಾನ ಮಾಡಿದೆ. "ತಪ್ಪಾಯ್ತು ಗ್ಲೆನಿಸ್," ಎಂದೆ. "ಆದ್ರೆ ಟಿಲ್ಲರ್ ಹೊಡೆದೋಳು ನಾನು. ಗರಿಕೆ ನಂದು. ಅದನ್ನ ಇನ್ನೊಬ್ಬರ ಕೊರಳಿಗೆ ಹೇಗೆ ಕಟ್ಟಲಿ?"

ಅವಳು ನನ್ನನ್ನೂ ಮಣ್ಣನ್ನೂ ನೋಡಿದಳು. ಹೆಡ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಹೋಗ್ಲಿ ಬಿಡು. ಕೆಳಗಿನರ್ಧ ನನ್ನ ಶೆಡ್ಡಿಗೆ ಹತ್ತಿರ. ಜರಡಿ ಹೊರೋದು ತಪ್ಪಿತು."

"ನನ್ನ ಮಂಡಿಗೆ ಹೊಸ ಗೋಣಿ ಇವಳೇ ತರ್ಲಿ," ಎಂದಳು ಗ್ಲೆನಿಸ್. ಮಿಸೆಸ್ ಪೊಮ್‌ಫ್ರೆಟ್ ಬರೆದುಕೊಂಡರು.

ಹಾಗೆ ನೋಡಿದರೆ ಕೆಳಗಿನದೇ ಒಳ್ಳೆಯದು. ನಲ್ಲಿ ಹತ್ತಿರ, ಮಧ್ಯಾಹ್ನ ಬಿಸಿಲು ಬೀಳುತ್ತದೆ. ಲಾಭ ನನಗೇ. ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ.

ನವೆಂಬರ್ 19, ಮಂಗಳವಾರ

ಈ ಚಳಿಗಾಲದಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿತ್ತು. ಒಂದೂವರೆ ಬಕೆಟ್ಟು. ಗ್ಲೆನಿಸ್‌ಗೆ ಗೋಣಿಯ ಬದಲು ತೋಟದ ಅಂಗಡಿಯಿಂದ ಮಂಡಿಗೆ ಹಾಕುವ ಮೆತ್ತೆ ತಂದುಕೊಟ್ಟೆ. "ಇದೇನು, ನಾನೇನು ರಾಣಿಯಾ?" ಎಂದು ಬೈದು ಆಗಲೇ ಹಾಕಿಕೊಂಡಳು.

ನವೆಂಬರ್ 23, ಶನಿವಾರ

ಎಫುವಾ ಬಂದಳು. ನಲವತ್ತೈದಿರಬಹುದು, ಗಟ್ಟಿ ನಗು, ಹಳದಿ ಬೂಟು ಹೊಚ್ಚ ಹೊಸದು. ಗೇಟು ತೆರೆಯಲು ಬೀಗದ ಕೈ ತಲೆಕೆಳಗಾಗಿ ಹಾಕುತ್ತಿದ್ದಳು. ನಾನು ಹೋಗಿ ತೆರೆದೆ. ಒಂದು ಚೀಲದ ತುಂಬ ಬೆಳ್ಳುಳ್ಳಿ ತಂದಿದ್ದಳು, ಊರಿಗೆಲ್ಲ ಸಾಕಾಗುವಷ್ಟು.

ಮೇಲಿನ ಅರ್ಧದಲ್ಲಿ ಮಂಡಿಯೂರಿ, ಎರಡು ಕೈಯಲ್ಲೂ ಮಣ್ಣು ತೆಗೆದುಕೊಂಡು ಮೂಸಿದಳು. ಹೆಡ್ಲಿ ಅದನ್ನು ಕಂಡು ಅಲ್ಲೇ ಕರಗಿಹೋದರು. ಬೆಳ್ಳುಳ್ಳಿಯ ಎಸಳನ್ನು ಚೂಪು ತುದಿ ಮೇಲಾಗಿ ಇಡಬೇಕು, ಹೆಬ್ಬೆರಳು ಮುಳುಗುವಷ್ಟು ಆಳ, ಗೇಣು ಅಂತರ ಎಂದು ತೋರಿಸಿಕೊಟ್ಟರು. ನಾಲ್ಕು ಸಾಲು ನೆಟ್ಟೆವು. ನಾನು ಬಲಗೈಯಲ್ಲಿ ನೆಟ್ಟೆ, ಮನೆಗೆ ಬರುವವರೆಗೆ ಅದು ಹೊಳೆದೇ ಇರಲಿಲ್ಲ.

ಮುಗಿದ ಮೇಲೆ ಚಹಾ ಕುಡಿಯುವಾಗ ಅವಳು ಕೆಳಗಿನ ಅರ್ಧದ ಕಡೆ ನೋಡಿದಳು. ಹೆಪ್ಪುಗಟ್ಟಿದ ಇಬ್ಬನಿಯಲ್ಲೂ ಗರಿಕೆ ಹಸಿರಾಗಿ ನಿಂತಿತ್ತು.

"ಅಕ್ಕಾ, ಅದು ನಿಮ್ಮದಾ? ಅಯ್ಯೋ ಪಾಪ. ನನಗೆ ಇಂಥ ಬಂಗಾರದಂಥ ಮಣ್ಣು ಕೊಟ್ಟು, ನಿಮಗೆ ಅದನ್ನ ಕೊಟ್ಬಿಟ್ರಾ? ಯಾರ್ ಮಾಡಿದ್ದು ಈ ಅನ್ಯಾಯ?"

ಗ್ಲೆನಿಸ್ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಕಮಿಟಿಯವರು," ಎಂದೆ. "ಚೀಟಿ ಎತ್ತಿದ್ರು. ನಿಮಗೆ ಅದೃಷ್ಟ ಇತ್ತು."

ಎಫುವಾ ಇನ್ನೊಮ್ಮೆ ಪಾಪ ಎಂದು, ನನಗೆ ಗ್ಲೆನಿಸ್ ತಂದಿದ್ದ ಕೇಕಿನ ದೊಡ್ಡ ತುಂಡು ಕೊಟ್ಟಳು. ತಿಂದೆ. ಗ್ಲೆನಿಸ್ ಹೋಗುವಾಗ ಕುಂಟುತ್ತಿದ್ದಳು. ಸ್ವಲ್ಪ ಜೋರಾಗಿಯೇ ತುಳಿದೆನೇನೋ. ನಾಳೆ ಕೇಳಬೇಕು.